ಕತ್ತಿನ ಕೊಳವೆಯೂ ಕೈಯ ನರವೂ

(ಶಾಲಾ ಶತಮಾನೋತ್ಸವದ ಆರೋಗ್ಯ ಗೋಷ್ಠಿಯಲ್ಲಿ, ಹಳೆ ವಿದ್ಯಾರ್ಥಿಯೂ ಮೂತ್ರಪಿಂಡ ತಜ್ಞರೂ ಆದ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ನನಗೆ ಸೂಚಿಸಿದ ವಿಷಯ ‘ಮೂತ್ರಪಿಂಡದ ಆರೋಗ್ಯ’. ಅರ್ಧ ಗಂಟೆಯಲ್ಲಿ ಅಷ್ಟು ದೊಡ್ಡ ವಿಷಯವನ್ನು ಹೇಳಹೊರಟರೆ ಎಲ್ಲರಿಗೂ ಗೊತ್ತಿರುವ ಮಾತುಗಳನ್ನೇ ಹೇಳಿ ಮುಗಿಸಬೇಕಾದೀತು. ಆದುದರಿಂದ ಅವರ ಅನುಮತಿ ಪಡೆದು ವಿಷಯವನ್ನು ಒಂದು ಗೇಣುದ್ದದ ಪ್ಲಾಸ್ಟಿಕ್ ಕೊಳವೆಗೆ ಇಳಿಸಿಕೊಂಡಿದ್ದೇನೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲೋ ರೈಲಿನಲ್ಲೋ ತಾವು ಅದನ್ನು ಕಂಡಿರಲೂಬಹುದು. ಕತ್ತಿನ ಬಲಬದಿಗೆ ಬಿಳಿಯ ಪಟ್ಟಿ; ಅದರಡಿಯಿಂದ ಇಣುಕುವ ಎರಡು ತುದಿಗಳು, ಒಂದಕ್ಕೆ ಕೆಂಪು ಗುರುತು, ಇನ್ನೊಂದಕ್ಕೆ ನೀಲಿ. ಹೆಂಗಸರು ಸೆರಗಿನಿಂದ, ಗಂಡಸರು ತೋರ್ತಿನಿಂದ ಅದನ್ನು ಮರೆಮಾಡಿಕೊಂಡು ಕುಳಿತಿರುತ್ತಾರೆ. ಅವರು ಡಯಾಲಿಸಿಸಿಗೆ, ಅಂದರೆ ರಕ್ತಶೋಧನೆಗೆ, ಹೊರಟವರು. ಆ ಕೊಳವೆಗೆ ಕೆಥೆಟರ್ ಎಂದು ಹೆಸರು.

ಎರಡೂ ಮೂತ್ರಪಿಂಡಗಳು ಕೈಬಿಟ್ಟ ಮೇಲೆ ದೇಹದ ಕೊಳೆಯನ್ನೂ ಹೆಚ್ಚಾದ ನೀರನ್ನೂ ಯಂತ್ರವೊಂದು ತೆಗೆಯಬೇಕಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಯಂತ್ರದ ವಿಚಾರವನ್ನು ಎಲ್ಲರೂ ಕೇಳುತ್ತಾರೆ. ರಕ್ತವು ಯಂತ್ರದವರೆಗೆ ಹೋಗುವುದು ಹೇಗೆ ಎಂದು ಕೇಳುವವರು ಕಡಿಮೆ. ಅಲ್ಲಿಯೇ ಎಲ್ಲ ಕಷ್ಟವೂ ಇದೆ. ಒಳ್ಳೆಯ ಶೋಧನೆಗೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹೊರಗೆ ಹರಿದು, ಶುದ್ಧವಾಗಿ, ಅಷ್ಟೇ ವೇಗದಲ್ಲಿ ಒಳಗೆ ಮರಳಬೇಕು. ಇಲ್ಲಿರುವ ಮಕ್ಕಳು ಗುಣಿಸಿ ನೋಡಲಿ: 4 ಗಂಟೆಗೆ 72 ಲೀಟರ್. ನಮ್ಮ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಅಂದರೆ ಮೈಯ ರಕ್ತವೆಲ್ಲವೂ ಒಂದೇ ಮಧ್ಯಾಹ್ನದಲ್ಲಿ ಹದಿನಾಲ್ಕು ಬಾರಿ ಆ ದಾರಿಯಲ್ಲಿ ಹೋಗಿ ಬಂದಂತೆ. ಜ್ವರ ಬಂದಾಗ ಗ್ಲೂಕೋಸ್ ಹಾಕುವ ಕೈಯ ನರದಿಂದ ಇದು ಸಾಧ್ಯವಿಲ್ಲ. ಅಷ್ಟು ಜೋರಾಗಿ ಎಳೆದರೆ ಅದು ಒದ್ದೆ ಕಾಗದದ ಕೊಳವೆಯಂತೆ ಕುಸಿದು ಮುಚ್ಚಿಕೊಳ್ಳುತ್ತದೆ. (ಶಾಸ್ತ್ರದಲ್ಲಿ ನರವೆಂದರೆ ಬೇರೆ, ರಕ್ತನಾಳವೆಂದರೆ ಬೇರೆ. ಆದರೆ ನಮ್ಮ ಆಡುಮಾತಿನಲ್ಲಿ ನರವೆಂದರೆ ರಕ್ತನಾಳವೇ. ಇಂದಿನ ಮಟ್ಟಿಗೆ ನಾನೂ ಹಾಗೆಯೇ ಹೇಳುತ್ತೇನೆ.)

ಈ ಕಷ್ಟ ಎಷ್ಟು ಹಳೆಯದೆಂಬುದಕ್ಕೆ ನೆದರ್‌ಲ್ಯಾಂಡಿನ ಕಾಂಪೆನ್ ಎಂಬ ಸಣ್ಣ ಪಟ್ಟಣದ ಕತೆಯನ್ನು ಹೇಳಬೇಕು. ಜರ್ಮನ್ ಸೇನೆ ಆ ನಾಡನ್ನು ಆಕ್ರಮಿಸಿಕೊಂಡಿದ್ದ ಕಾಲ. ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರು, ಮಾಂಸದ ಸಾಸೇಜಿಗೆ ಹೊದಿಕೆಯಾಗಿ ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅದನ್ನು ತಿರುಗಿಸಿ, ಮನುಷ್ಯನಿಗೆ ಉಪಯೋಗಕ್ಕೆ ಬಂದ ಮೊದಲ ಕೃತಕ ಮೂತ್ರಪಿಂಡವನ್ನು ಕಟ್ಟಿದರು. 1943ರಲ್ಲಿ ಅವರ ಮೊದಲ ರೋಗಿ 29 ವರ್ಷದ ಮನೆಗೆಲಸದ ಹೆಣ್ಣುಮಗಳು. ಯಂತ್ರ ಕೆಲಸ ಮಾಡಿತು. ಆಕೆಯ ರಕ್ತವನ್ನು ಅದು 12 ಬಾರಿ ಶೋಧಿಸಿತು. ಆದರೆ ಪ್ರತಿ ಬಾರಿಯೂ ಹೊಸದೊಂದು ರಕ್ತನಾಳವನ್ನು ಕೊಯ್ದು ತೆರೆದು ಗಾಜಿನ ನಳಿಕೆ ಕೂರಿಸಬೇಕಾಗಿತ್ತು; ಕೆಲಸ ಮುಗಿದ ಮೇಲೆ ಆ ನಾಳ ಮತ್ತೆ ಬಳಕೆಗೆ ಬಾರದು. ಹನ್ನೆರಡರ ಬಳಿಕ ಆಕೆಯ ಮೈಯಲ್ಲಿ ತೆರೆಯಲು ಜಾಗವೇ ಉಳಿಯಲಿಲ್ಲ. ಯಂತ್ರ ಸಿದ್ಧವಿತ್ತು, ವೈದ್ಯರು ಸಿದ್ಧರಿದ್ದರು; ಬಾಗಿಲು ಮಾತ್ರ ಇರಲಿಲ್ಲ. ಆಕೆ ತೀರಿಕೊಂಡಳು. 1945ರಲ್ಲಿ ಕೋಲ್ಫ್ ಅವರ ಯಂತ್ರದಿಂದ ಮೊದಲ ಜೀವ ಉಳಿಯಿತು, 67 ವರ್ಷದ ಮಹಿಳೆಯೊಬ್ಬರದು. ಅವರ ಮೂತ್ರಪಿಂಡ ತಾತ್ಕಾಲಿಕವಾಗಿ ನಿಂತಿತ್ತಷ್ಟೆ. ತಾನಾಗಿ ಚೇತರಿಸಿಕೊಂಡುದರಿಂದ ಹೆಚ್ಚು ಬಾಗಿಲುಗಳು ಬೇಕಾಗಲಿಲ್ಲ.

ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ಬಾಗಿಲು ದೊರೆಯಲು ಇನ್ನೂ 15 ವರ್ಷ ಹಿಡಿಯಿತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರಿಗೆ ಹೊಳೆದುದು ಸರಳ ಉಪಾಯ: ಮುಂಗೈಯ ಅಪಧಮನಿಯಲ್ಲೊಂದು, ಅಭಿಧಮನಿಯಲ್ಲೊಂದು ನಳಿಕೆಯನ್ನು ಕೂರಿಸಿ, ಡಯಾಲಿಸಿಸ್ ಇಲ್ಲದ ಹೊತ್ತಿನಲ್ಲಿ ಅವೆರಡನ್ನೂ ಕುದುರೆಲಾಳದ ಆಕಾರದ ಕೊಳವೆಯಿಂದ ಕೈಯ ಹೊರಗೇ ಜೋಡಿಸಿಬಿಡುವುದು. ರಕ್ತ ಸದಾ ಹರಿಯುತ್ತಿರುವುದರಿಂದ ಹೆಪ್ಪುಗಟ್ಟದು, ನಾಳ ಉಳಿಯುತ್ತದೆ. ಇಂಜಿನಿಯರ್ ವೇಯ್ನ್ ಕ್ವಿಂಟನ್ ಆ ಕೊಳವೆಯನ್ನು ಟೆಫ್ಲಾನಿನಿಂದ ಮಾಡಿಕೊಟ್ಟರು. ತಮ್ಮ ಅಡಿಗೆಮನೆಯ ದೋಸೆ ಹಂಚಿಗೆ ಹಿಟ್ಟು ಅಂಟದಂತೆ ಲೇಪಿಸುವ ಪದಾರ್ಥವೇ ಅದು. ಅಲ್ಲಿ ಹಿಟ್ಟು ಅಂಟದು, ಇಲ್ಲಿ ರಕ್ತ ಅಂಟದು. ಟೆಫ್ಲಾನ್ ಗಡುಸು, ಕೈ ಅಲುಗಿದರೆ ನಾಳದ ಒಳಗೋಡೆಗೆ ಉಜ್ಜುತ್ತಿತ್ತು. ಎರಡು ವರ್ಷಗಳೊಳಗೆ ಬಾಗುವ ಭಾಗಕ್ಕೆ ಮೆದುವಾದ ಸಿಲಿಕೋನ್ ರಬ್ಬರು ಬಂದಿತು. ಕೊಳವೆ ಮೆತ್ತಗಾದಷ್ಟೂ ನಾಳ ಹೆಚ್ಚು ದಿನ ಬಾಳುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಮುಂದಿನ ಎಲ್ಲ ಕೊಳವೆಗಳಿಗೂ ದಾರಿ ತೋರಿತು. ಸ್ಕ್ರಿಬ್ನರ್ ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಖಾನೆ ಕೆಲಸಗಾರ. ವಾರಗಳಲ್ಲಿ ಸಾಯಬೇಕಾಗಿದ್ದಾತ 11 ವರ್ಷ ಬದುಕಿದ.

ಇನ್ನು ಕತ್ತಿನ ಕೊಳವೆಗೆ ಬರೋಣ. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ಕ್ಷಕಿರಣ ವೈದ್ಯರು 1953ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಪ್ರತಿದಿನ ನಮ್ಮ ಕೈಯಲ್ಲಿದೆ. ಮೊದಲು ಸೂಜಿ ಚುಚ್ಚುವುದು, ಸೂಜಿಯೊಳಗಿಂದ ತೆಳುವಾದ ತಂತಿಯನ್ನು ನಾಳದೊಳಕ್ಕೆ ಇಳಿಸುವುದು, ಸೂಜಿಯನ್ನು ಹೊರತೆಗೆದು ತಂತಿಯ ಮೇಲಿಂದಲೇ ಕೊಳವೆಯನ್ನು ಜಾರಿಸುವುದು, ಕಡೆಗೆ ತಂತಿಯನ್ನು ಎಳೆದುಬಿಡುವುದು. ಕೊಯ್ಯುವ ಕೆಲಸವೇ ಇಲ್ಲ. ಲಂಗದ ನೇಫೆಯೊಳಗೆ ಲಾಡಿ ಸೇರಿಸುವವರು ಮೊದಲು ಕಡ್ಡಿಯನ್ನು ತೂರಿಸುವುದಿಲ್ಲವೆ, ಹೆಚ್ಚುಕಡಮೆ ಅದೇ ಯುಕ್ತಿ. 1961ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಶಾಲ್ಡನ್ ಈ ವಿಧಾನದಿಂದ ತೊಡೆಸಂದಿನ ದೊಡ್ಡ ನಾಳಗಳಿಗೆ ಕೊಳವೆ ಹಾಕಿ ಡಯಾಲಿಸಿಸ್ ಮಾಡಿದರು. ಅಲ್ಲಿಯವರೆಗೆ ವೈದ್ಯರು ಶಸ್ತ್ರಚಿಕಿತ್ಸಕರ ಬಿಡುವಿಗಾಗಿ ಕಾಯಬೇಕಾಗಿತ್ತು. ಅಲ್ಲಿಂದ ಆಚೆಗೆ ತಾವೇ ಹತ್ತು ಇಪ್ಪತ್ತು ನಿಮಿಷಗಳಲ್ಲಿ ಬಾಗಿಲು ತೆರೆಯಬಲ್ಲವರಾದರು. ಮುಂದೆ ಕೊಳವೆ ಹೆಗಲ ಎಲುಬಿನ ಕೆಳಗಿನ ನಾಳಕ್ಕೆ ಏರಿತು. ರೋಗಿ ಎದ್ದು ನಡೆದಾಡಬಹುದು ಎಂದು ಎಲ್ಲರೂ ಅದನ್ನು ಮೆಚ್ಚಿದರು. ಕೆಲವು ವರ್ಷಗಳ ತರುವಾಯ ಆ ನಾಳ ಒಳಗೊಳಗೇ ಕಿರಿದಾಗಿ ಆ ಬದಿಯ ಕೈಯೆಲ್ಲ ಊದಿಕೊಳ್ಳುವುದು ಕಂಡುಬಂದಿತು. ಹಾಗಾಗಿ ಈಗ ಮೊದಲ ಆಯ್ಕೆ ಕತ್ತಿನ ಬಲಬದಿಯ ನಾಳ. ಅಲ್ಲಿಂದ ಹೃದಯದ ಬಾಗಿಲಿಗೆ ನೇರ ದಾರಿ.

ಈಗಿನ ಕೊಳವೆ ಹೆಚ್ಚಾಗಿ ಪಾಲಿಯೂರಿಥೇನ್ ಎಂಬ ಪ್ಲಾಸ್ಟಿಕ್ಕಿನದು. ಒಳಗೆ ತೂರಿಸುವಾಗ ಸಾಕಷ್ಟು ಬಿಗಿಯಾಗಿದ್ದು, ರಕ್ತದ ಬಿಸಿ ತಾಗಿದ ಮೇಲೆ ಮೆದುವಾಗುವುದು ಅದರ ಗುಣ. ಒಂದೇ ಕೊಳವೆಯಲ್ಲಿ ಎರಡು ದಾರಿಗಳು: ಕೆಂಪು ಗುರುತಿನದು ರಕ್ತವನ್ನು ಎಳೆಯಲು, ನೀಲಿ ಗುರುತಿನದು ಮರಳಿಸಲು. ತೊಳೆದ ರಕ್ತವನ್ನೇ ಮತ್ತೆ ಎಳೆದುಕೊಳ್ಳದಂತೆ ಒಂದರ ಬಾಯಿ ಇನ್ನೊಂದಕ್ಕಿಂತ ತುಸು ಮುಂದಿರುತ್ತದೆ. ದಪ್ಪವನ್ನು ಅಳೆಯುವ ಮಾನಕ್ಕೆ ಫ್ರೆಂಚ್ ಎಂದೇ ಹೆಸರು. ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಉಪಕರಣ ತಯಾರಿಸುತ್ತಿದ್ದ ಶಾರಿಯೇರ್ ಎಂಬವರ ಲೆಕ್ಕ ಅದು. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಡಯಾಲಿಸಿಸಿನ ಕೊಳವೆ 12ರ ಆಸುಪಾಸು, ಅಂದರೆ ಹೊರವ್ಯಾಸ ಸುಮಾರು 4 ಮಿಲಿಮೀಟರ್. ಇನ್ನಷ್ಟು ಸಪುರ ಮಾಡಬಾರದೇ ಎಂದು ರೋಗಿಗಳು ಕೇಳುತ್ತಾರೆ. ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯರು ಕಂಡುಹಿಡಿದ ನಿಯಮವೊಂದು ಅಡ್ಡ ಬರುತ್ತದೆ. ಒತ್ತಡವೂ ಉದ್ದವೂ ಅಷ್ಟೇ ಇದ್ದು ಕೊಳವೆಯ ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ 1 ಪಾಲಾಗುತ್ತದೆ. ತೋಟಕ್ಕೆ ನೀರು ಬಿಡುವವರು ಪೈಪಿನ ಅಂಗಡಿಯಲ್ಲಿ ಇದನ್ನು ನಿಯಮ ತಿಳಿಯದೆಯೇ ತಿಳಿದಿರುತ್ತಾರೆ.

ಕೆಲವರಿಗೆ ತಿಂಗಳುಗಟ್ಟಲೆ ಕೊಳವೆ ಬೇಕಾದಾಗ ಅದನ್ನು ಎದೆಯ ಚರ್ಮದಡಿ ಸ್ವಲ್ಪ ದೂರ ಹಾಯಿಸಿ ಕತ್ತಿನ ನಾಳಕ್ಕೆ ಸೇರಿಸುತ್ತೇವೆ. ಆ ದಾರಿಯಲ್ಲಿ ಕೊಳವೆಯ ಸುತ್ತ ಡೇಕ್ರಾನ್ ನೂಲಿನ ಸಣ್ಣ ಉಂಗುರವಿರುತ್ತದೆ. ಕೆಲವು ವಾರಗಳಲ್ಲಿ ಮೈಯ ಮಾಂಸ ಅದರೊಳಕ್ಕೆ ಬೆಳೆದು ಬೆಸೆದುಕೊಂಡು, ಕೊಳವೆಯನ್ನು ಹಿಡಿದಿಡುವುದರ ಜೊತೆಗೆ ಹೊರಗಿನ ರೋಗಾಣುಗಳಿಗೂ ತಡೆಯಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಬೇಕಾದ ಮಾತೊಂದಿದೆ. ಈ ಕೊಳವೆಗಿಂತ ಉತ್ತಮವಾದ ಬಾಗಿಲು 1966ರಿಂದಲೇ ಲೋಕಕ್ಕೆ ಗೊತ್ತು; ಅದರಲ್ಲಿ ಪ್ಲಾಸ್ಟಿಕ್ಕೇ ಇಲ್ಲ. ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೊ ಮತ್ತು ಅವರ ಸಂಗಡಿಗರು ಮುಂಗೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಚರ್ಮದಡಿಯಲ್ಲೇ ಒಂದಕ್ಕೊಂದು ಹೊಲಿದರು. ಅಪಧಮನಿಯ ರಭಸ ಹರಿದು ಬಂದು ಅಭಿಧಮನಿ ಕ್ರಮೇಣ ಹಿಗ್ಗಿ, ಗೋಡೆ ಗಟ್ಟಿಯಾಗಿ, ವರ್ಷಾನುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಲು ಸಿದ್ಧವಾಗುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಮಲಗಿ ಗುರುಗುಟ್ಟುವಾಗಿನ ನಡುಕ ತಿಳಿಯುತ್ತದೆ. ಆದರೆ ಹೊಲಿದ ಮಾರನೆಯ ದಿನ ಅದು ಒದಗದು. ಮಾಗಲು ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು. ಆ ಅವಧಿಯನ್ನು ದಾಟಿಸುವುದಕ್ಕಾಗಿ, ಅಥವಾ ತುರ್ತಿನ ದಿನ ಜೀವ ಉಳಿಸುವುದಕ್ಕಾಗಿ ಇರುವುದು ಕತ್ತಿನ ಕೊಳವೆ. ಸುರಂಗದ ನೀರನ್ನು ತೋಟಕ್ಕೆ ಇಳಿಸಲು ನಮ್ಮ ಹಿರಿಯರು ಅಡಿಕೆ ಮರದ ದಂಬೆ ಇಡುತ್ತಿದ್ದರು. ಅವಸರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದಂಬೆ ಕುಂಬಾಗುವ ಮೊದಲೇ ಕಲ್ಲಿನ ಕಾಲುವೆ ಕಟ್ಟುವವನು ಜಾಣ ಬೇಸಾಯಗಾರ.

ಕೊಳವೆಯೇಕೆ ಹೆಚ್ಚು ಕಾಲ ಇರಬಾರದು? ನಮ್ಮ ಚರ್ಮದ ಮೇಲೆ ಸ್ಟೆಫಿಲೊಕಾಕಸ್ ಮುಂತಾದ ಸೂಕ್ಷ್ಮಾಣುಗಳು ಸದಾ ಇರುತ್ತವೆ. ಚರ್ಮವೆಂಬ ಕೋಟೆಯಲ್ಲಿ ಕೊಳವೆ ಒಂದು ಕಂಡಿ. ಅದರ ಒಳತುದಿ ಹೃದಯದ ಬಾಗಿಲಲ್ಲೇ ಇದೆ. ಡಯಾಲಿಸಿಸ್ ಆರಂಭಿಸಿ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬಂದು ಜ್ವರ ಏರಿದರೆ, ಸೋಂಕು ಕೊಳವೆಯಿಂದಲೇ ರಕ್ತಕ್ಕೆ ಇಳಿದಿದೆ ಎಂದು ನಾವು ಮೊದಲು ಶಂಕಿಸುತ್ತೇವೆ. ಅದು ಹೃದಯದ ಕವಾಟಕ್ಕೂ ಬೆನ್ನೆಲುಬಿಗೂ ಹೋಗಿ ಕೂರಬಲ್ಲದು. ನನ್ನ ವೃತ್ತಿಯಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ಗೆದ್ದು ಕೊಳವೆಯ ಸೋಂಕಿಗೆ ಸೋತವರನ್ನು ಕಂಡಿದ್ದೇನೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಆ ಸಾವುಗಳು. ಚರ್ಮದಡಿ ಹಾಯಿಸದ ಕೊಳವೆಯನ್ನು ಎರಡು ವಾರಗಳಾಚೆ ಇಡಬಾರದೆಂಬುದು ಸಾಮಾನ್ಯ ನಿಯಮ. ಎರಡು ತಿಂಗಳಾದರೂ ಅದನ್ನೇ ಹೊತ್ತು ಬರುವವರು ನಮ್ಮಲ್ಲಿ ಇದ್ದಾರೆ.

ನಮ್ಮ ದೇಶದಲ್ಲಿ ಡಯಾಲಿಸಿಸ್ ಆರಂಭಿಸುವವರಲ್ಲಿ ಬಹುಪಾಲಿನವರು ಕೊಳವೆಯಿಂದಲೇ ಆರಂಭಿಸುತ್ತಾರೆ. ಮೂತ್ರಪಿಂಡ ನೋವಿಲ್ಲದೆ ಕೆಡುವ ಅಂಗ. ಉಸಿರು ಕಟ್ಟಿ, ಮುಖ ಊದಿ, ವಾಂತಿ ಹತ್ತಿದ ಮೇಲೆಯೇ ಹೆಚ್ಚಿನವರು ಬರುತ್ತಾರೆ. ಆಗ ಫಿಸ್ಟುಲಾಕ್ಕೆ ಸಮಯವಿರುವುದಿಲ್ಲ. ಗಡಿಯ ಮೇಲೆ ಬದುಕುವ ನಮಗೆ ಇನ್ನೂ ಕೆಲವು ತೊಡಕುಗಳು ಸೇರಿಕೊಂಡಿವೆ. ನಮ್ಮ ಜಿಲ್ಲಾಡಳಿತ ಒಂದು ಕಡೆ, ದೊಡ್ಡ ಆಸ್ಪತ್ರೆಗಳು ಇನ್ನೊಂದು ಕಡೆ. ಯಾವ ಕಾರ್ಡಿಗೆ ಎಲ್ಲಿ ಮಾನ್ಯತೆ ಎಂದು ವಿಚಾರಿಸುವುದರಲ್ಲೇ ವಾರ ಕಳೆಯುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದಿತ್ತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯ ಆದೇಶ ನೀಡಿದರೂ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಯಾರದು ಸರಿ ಎಂಬುದು ಈ ವೇದಿಕೆಯ ವಿಷಯವಲ್ಲ. ವೈದ್ಯನಾಗಿ ಹೇಳುವುದಿಷ್ಟೆ: ಡಯಾಲಿಸಿಸಿನವರಿಗೆ ಮೂರು ದಿನವೆಂಬುದು ದೊಡ್ಡ ಅವಧಿ, ಒಂದು ವಾರವೆಂಬುದು ಅನೇಕರಿಗೆ ಆಯುಷ್ಯವೇ. ಸಮೀಪದ ಕೇಂದ್ರ ಯಾವುದು, ಅದು ತಪ್ಪಿದರೆ ಎರಡನೆಯದು ಯಾವುದು ಎಂಬುದನ್ನು ಪ್ರತಿ ಕುಟುಂಬವೂ ಮೊದಲೇ ಬರೆದಿಟ್ಟುಕೊಂಡಿರಬೇಕು.

ಇನ್ನೊಂದು ತೊಡಕು ಭಾಷೆಯದು. ಕನ್ನಡ ಶಾಲೆಯಲ್ಲಿ ನಿಂತು ಅದನ್ನು ಹೇಳದೆ ಹೋಗಲಾರೆ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಸೂಚನೆಯ ಚೀಟಿ ಇಂಗ್ಲಿಷಿನಲ್ಲಿ. ಊರಿನ ಆರೋಗ್ಯ ಕೇಂದ್ರದ ಫಲಕ ಮಲೆಯಾಳದಲ್ಲಿ. ಮನೆಯ ಅಜ್ಜಿ ಓದಬಲ್ಲುದು ಕನ್ನಡ, ಆಡುವುದು ತುಳು. ‘ಕೊಳವೆ ಒದ್ದೆಯಾಗಬಾರದು’ ಎಂಬ ಒಂದು ವಾಕ್ಯ ಈ ನಾಲ್ಕು ಭಾಷೆಗಳ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಅಜ್ಜಿ ಎಂದಿನಂತೆ ತಲೆಗೆ ನೀರು ಹುಯ್ದುಕೊಳ್ಳುತ್ತಾಳೆ, ಪಟ್ಟಿ ನೆನೆಯುತ್ತದೆ, ಮೂರನೆಯ ದಿನ ನಡುಕ. ಇಲ್ಲಿ ಕಲಿತು ನರ್ಸುಗಳೂ ತಂತ್ರಜ್ಞರೂ ಆಗಿ ಗಡಿಯ ಎರಡೂ ಬದಿಗಳಲ್ಲಿ ದುಡಿಯುತ್ತಿರುವ ಹಳೆ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದಾರೆ. ಅವರು ಸೂಚನೆಯ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಪ್ರತಿ ತೆಗೆಸಿ ಹಂಚಿದರೆ, ಈ ಶಾಲೆಯ ನೂರನೆಯ ವರ್ಷಕ್ಕೆ ಅದು ಸಣ್ಣ ಕಾಣಿಕೆಯೆಂದು ನಾನು ಭಾವಿಸುವುದಿಲ್ಲ.

ಆ ಪುಟದಲ್ಲಿ ಏನಿರಬೇಕು? ಕೊಳವೆಯಿರುವವರು ಕತ್ತಿನಿಂದ ಕೆಳಗೆ ಮಾತ್ರ ಸ್ನಾನ ಮಾಡಲಿ, ಪಟ್ಟಿ ನೆನೆದರೆ ಮನೆಯಲ್ಲಿ ತಾವೇ ಬಿಚ್ಚದೆ ಕೇಂದ್ರಕ್ಕೆ ಹೋಗಲಿ. ಮುಚ್ಚಳಗಳನ್ನು ಡಯಾಲಿಸಿಸ್ ಸಿಬ್ಬಂದಿಯಲ್ಲದೆ ಬೇರಾರೂ ತೆರೆಯಬಾರದು. ತೆರೆಯುವಾಗ ರೋಗಿಯೂ ಸಿಬ್ಬಂದಿಯೂ ಮುಖಕವಚ ಧರಿಸಿರಬೇಕು. ಸುಲಭವಾಗಿ ಸಿಗುತ್ತದೆಂದು ಅದರಿಂದ ಪರೀಕ್ಷೆಗೆ ರಕ್ತ ತೆಗೆಯುವುದು, ಗ್ಲೂಕೋಸ್ ಹಾಕುವುದು ಬೇಡ; ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತುಂಬಿಟ್ಟ ಹೆಪಾರಿನ್ ಎಂಬ ಔಷಧವಿರುತ್ತದೆ. ಕತ್ತಿನ ಬಳಿ ಕತ್ತರಿ ತರಲೇಬಾರದು. ಅಕಸ್ಮಾತ್ ಕೊಳವೆ ಕಳಚಿ ಬಂದರೆ ಮಲಗಿಸಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಬಿಗಿಯಾಗಿ ಒತ್ತಿಹಿಡಿದೇ ಆಸ್ಪತ್ರೆಗೆ ಒಯ್ಯಬೇಕು. ಚಳಿ, ಜ್ವರ, ಕೊಳವೆಯ ಬುಡದಲ್ಲಿ ಕೀವು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಸರದಿಯ ದಿನಕ್ಕೆ ಕಾಯಬಾರದು.

ಕೊಳವೆ ಇನ್ನೂ ಬಾರದವರಿಗೆ ಹೇಳುವುದು ಇದಕ್ಕಿಂತ ಮುಖ್ಯ. ಸಕ್ಕರೆ ಕಾಯಿಲೆಯೋ ಅಧಿಕ ರಕ್ತದೊತ್ತಡವೋ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ನೋಡಿಸಿಕೊಳ್ಳಿ. ಮೂತ್ರಪಿಂಡದ ಶಕ್ತಿ ಕುಗ್ಗುತ್ತಿದೆ ಎಂದು ವೈದ್ಯರು ಹೇಳಿದ ದಿನದಿಂದ ತಮ್ಮ ಎಡಗೈಯನ್ನು, ಎಡಚರಾದರೆ ಬಲಗೈಯನ್ನು, ಸೂಜಿಯಿಂದ ಕಾಪಾಡಿಕೊಳ್ಳಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಆ ನೀಲಿ ನರಗಳು ಮುಂದೊಂದು ದಿನ ಫಿಸ್ಟುಲಾ ಆಗಬೇಕಾದವು. ಪ್ರತಿ ಜ್ವರಕ್ಕೂ ಪ್ರತಿ ದಣಿವಿಗೂ ಅಲ್ಲಿಗೇ ಸೂಜಿ ಹಾಕಿಸಿಕೊಂಡು ಕಳೆದುಕೊಂಡವರು ಕೊನೆಗೆ ಕಾಂಪೆನ್ನಿನ ಆ ಹೆಣ್ಣುಮಗಳಂತೆ ಜಾಗವಿಲ್ಲದೆ ನಿಲ್ಲುತ್ತಾರೆ. ಡಯಾಲಿಸಿಸ್ ಬೇಕಾಗುವುದೆಂದು ಗೊತ್ತಾದರೆ ಆರು ತಿಂಗಳು ಮೊದಲೇ ಶಸ್ತ್ರಚಿಕಿತ್ಸಕರನ್ನು ಕಾಣಿ. ಕೈಗೆ ಹೊಲಿಗೆ ಹಾಕಿಸಿಕೊಂಡರೆ ಕಾಯಿಲೆ ಬೇಗ ಬರುತ್ತದೆ ಎಂಬ ಭಯ ನಮ್ಮ ಕಡೆ ಬಲವಾಗಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ಅಳೆಯಿಸಬೇಡಿ, ಬಿಗಿ ಬಳೆ ತೊಡಬೇಡಿ, ತಲೆಯಡಿ ಇಟ್ಟು ಮಲಗಬೇಡಿ. ದಿನವೂ ಬೆಳಿಗ್ಗೆ ಬೆರಳಿಟ್ಟು ಆ ನಡುಕವನ್ನು ನೋಡಿ. ನಿಂತಿದ್ದರೆ ಅಂದೇ ಆಸ್ಪತ್ರೆಗೆ ಬನ್ನಿ.

ಪಕ್ಕದ ಏಳನೆಯ ತರಗತಿಯ ಕೊಠಡಿಯಲ್ಲಿ ಸಂಜೆ 4ರವರೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆ ನಡೆಯುತ್ತದೆ. ಮೂತ್ರಪಿಂಡದ ತೊಂದರೆ ಈಗಾಗಲೇ ಇರುವವರು ಕುಳಿತೊಡನೆ ಅದನ್ನು ತಿಳಿಸಿ. ಅಂಥವರಿಗೆ ಅಂಗೈಯ ಹಿಂಬದಿಯಿಂದಲೇ ರಕ್ತ ತೆಗೆಯುವಂತೆ ನಮ್ಮ ಹುಡುಗಿಯರಿಗೆ ಹೇಳಿಟ್ಟಿದ್ದೇನೆ. ಬಳಸದ ಒಂದೆರಡು ಕೊಳವೆಗಳೂ ಅಲ್ಲಿ ಮೇಜಿನ ಮೇಲಿವೆ. ಮಕ್ಕಳು ಮುಟ್ಟಿ ನೋಡಬಹುದು. ಬಿಸಿನೀರಿನ ಲೋಟದಲ್ಲಿ ಅದ್ದಿ, ಅದು ಹೇಗೆ ಮೆತ್ತಗಾಗುತ್ತದೆಂಬುದನ್ನೂ ನೋಡಬಹುದು.